ತುಪ್ಪ ಬೀಳುವ ತನಕ

ಮೃದುಲಾಗೆ ಬಂದಿದ್ದು ಹೊಟ್ಟೆಕಿಚ್ಚು. ಅವಳು ಅದನ್ನು ಒಂದು ದಿನ ಅಸಿಡಿಟಿ ಎಂದಳು, ಇನ್ನೊಂದು ದಿನ ತಲೆನೋವು ಎಂದಳು, ಬಿಸಿಲು ಜಾಸ್ತಿಯಾಯಿತು ಎಂದೂ ಹೇಳಿ ನೋಡಿದಳು. ಅತ್ತೆ ರಾಧಮ್ಮ ಎಲ್ಲದಕ್ಕೂ ಮಜ್ಜಿಗೆಯನ್ನೇ ಕೊಟ್ಟರು. ಮಜ್ಜಿಗೆಗೆ ಆರುವ ಉರಿ ಅದಲ್ಲ ಎನ್ನುವುದು ಮೃದುಲಾಗೆ ಚೆನ್ನಾಗಿ ಗೊತ್ತಿತ್ತು. ಆ ಉರಿಯ ಹೆಸರು ಚಂದನ. ವೇಮಗಲ್ ಕಡೆಯ ಹುಡುಗಿ, ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ, ೨೦೦೬ರ ಸಂಕ್ರಾಂತಿ ಕಳೆದ ಮೇಲೆ ಇವರ ಕಂಪ್ಯೂಟರ್ ಸೆಂಟರಿಗೆ ಕೆಲಸಕ್ಕೆ ಸೇರಿದವಳು.

ಸೆಂಟರ್ ಇದ್ದದ್ದು ಮುಳಬಾಗಿಲಿನಲ್ಲಿ, ಮನೆಯ ಮುಂದಿನ ಎರಡು ಕೋಣೆಗಳಲ್ಲೇ. ಗಂಡ ವಂಶಿಕೃಷ್ಣ ಹುಡುಗರಿಗೆ ಪಾಠ ಹೇಳುತ್ತಿದ್ದ, ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ಊರೂರು ತಿರುಗಿ ಕೆಲಸ ಹಿಡಿದು ತರುತ್ತಿದ್ದ. ಕೂತು ಕೋಡ್ ಬರೆಯುವವಳು ಮೃದುಲಾ. ಮದುವೆಯಾದ ಹೊಸತರಲ್ಲಿ ಅವಳು ಬರೆದ ಯಾವುದೋ ಒಂದು ಸಣ್ಣ ಪ್ರೋಗ್ರಾಮನ್ನು ಓದುವ ಮೊದಲು ವಂಶಿ ಕನ್ನಡಕ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು, "ಲೇ, ಇದು ಹೆಂಗೆ ಹೊಳೀತು ನಿಂಗೆ?" ಎಂದು ಕೇಳಿದ್ದ. ಸೀರೆ ತಂದುಕೊಟ್ಟಾಗಲೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ. ಆಮೇಲಿನಿಂದ ಅವಳು ಕೋಡ್ ಬರೆದದ್ದೆಲ್ಲ ಆ ಕನ್ನಡಕ ಒರೆಸುವುದನ್ನು ನೋಡುವುದಕ್ಕೇ ಎಂದರೂ ತಪ್ಪಲ್ಲ.

ಅವಳು ಬರೆದದ್ದರಲ್ಲೆಲ್ಲ ದೊಡ್ಡದು ಶ್ರೀನಿವಾಸಪುರದ ಮಾವಿನ ಮಂಡಿಯವರಿಗೆ ಮಾಡಿಕೊಟ್ಟ ವೆಬ್ ಪೇಜು. ಅದನ್ನು ತೆರೆದರೆ ಯಾವ ಹಣ್ಣಿಗೆ ಇವತ್ತು ಯಾವ ಮಂಡಿಯಲ್ಲಿ ಏನು ರೇಟು, ಯಾವ ಲಾರಿ ಎಲ್ಲಿಗೆ ಹೊರಟಿದೆ, ಅದರಲ್ಲಿ ಇನ್ನೆಷ್ಟು ಜಾಗ ಇದೆ, ಎಲ್ಲೆಲ್ಲಿ ಮಳೆಯಾಯಿತು, ಎಲ್ಲವೂ ಸಿಗುತ್ತಿತ್ತು. ಬಾದಾಮಿ, ತೋತಾಪುರಿ, ಸೇಂದೂರ, ಮಲ್ಲಿಕಾ, ಪ್ರತಿಯೊಂದಕ್ಕೂ ಬಣ್ಣದ ಫೋಟೋ ಬೇರೆ. ಪೇಜಿನ ತಳದಲ್ಲಿ ಒಂದು ಕಮಲ. ಅದರ ದಳ ಒಂದೊಂದಾಗಿ ಬಿಚ್ಚಿಕೊಂಡು, ಮಧ್ಯದಲ್ಲಿ "ರೂಪಿಸಿದವರು: ಮೃದುಲಾ" ಎಂದು ಮೂಡುತ್ತಿತ್ತು. ಅವಳ ಹೆಸರು ಅಚ್ಚಾದದ್ದು ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಅಲ್ಲೊಂದೇ ಕಡೆ.

ಪೇಜು ಚೆನ್ನಾಗಿತ್ತು. ಆದರೆ ಬರುತ್ತಿರಲಿಲ್ಲ. ಸೆಂಟರಿನಲ್ಲಿ ಒಳ್ಳೆಯ ಕನೆಕ್ಷನ್ ಇತ್ತು, ಅಲ್ಲಿ ಸರಾಗವಾಗಿ ಬರುತ್ತಿತ್ತು. ಶ್ರೀನಿವಾಸಪುರದ ಮಂಡಿಗಳಲ್ಲಿ ಫೋನಿನ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ ನೆಟ್ ನೋಡುತ್ತಿದ್ದರು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ ಮೃದುಲಾಳ ಪೇಜು ಆ ತಂತಿಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಬಿಳೀ ಪರದೆಯನ್ನು ನೋಡಿ ನೋಡಿ ಸಾಕಾಗಿ ಮಂಡಿ ಯಜಮಾನರು ಎದ್ದುಹೋಗಿ ಟೀ ಕುಡಿದು ಬರುತ್ತಿದ್ದರು.

ಆ ಮಂಡಿಯವರ ಮುಖಂಡ ವೆಂಕಟರಾಯಪ್ಪ ಒಂದು ದಿನ ಫೋನ್ ಮಾಡಿದ.

"ಏನಪ್ಪಾ ವಂಶಿ, ನಿಮ್ಮ ಪೇಜು ಬರೋಷ್ಟ್ರಲ್ಲಿ ನನ್ನ ಕಾಯಿ ಹಣ್ಣಾಗಿ ಕೊಳ್ತೇ ಹೋಗ್ತದಲ್ಲಪ್ಪಾ! ಸೀಜನ್ನಿಗೆ ಮುಂಚೆ ಸರಿ ಮಾಡ್ಸು. ಕೋಲಾರದಲ್ಲಿ ಯಾರೋ ಹುಡುಗ್ರು ನಾವ್ ಮಾಡ್ಕೊಡ್ತೀವಿ ಅಂತ ಬಂದವ್ರೆ."

"ಲೈನ್ ಸರಿಯಿಲ್ದಿದ್ರೆ ಪೇಜ್ ಏನ್ರೀ ಮಾಡುತ್ತೆ?" ಎಂದು ಮೃದುಲಾ ಗಂಡನ ಮೇಲೆ ಹರಿಹಾಯ್ದಳು. "ಒಂದ್ಸಲ ಬಂದ್ರೆ ಆಯ್ತಲ್ಲ, ಆಮೇಲೆ ಎಲ್ಲಿ ಒತ್ತಿದ್ರೂ ತಕ್ಷಣ ಬರುತ್ತೆ." ಅದೂ ನಿಜವೇ. ಅವಳು ಎಲ್ಲವನ್ನೂ ಒಂದೇ ಫೈಲಿನಲ್ಲಿ ತುಂಬಿದ್ದಳು. ಆ ಫೈಲು ಪೂರ್ತಿ ಇಳಿಯುವವರೆಗೆ ಏನೂ ಕಾಣುತ್ತಿರಲಿಲ್ಲ, ಇಳಿದ ಮೇಲೆ ಯಾವುದಕ್ಕೂ ತಡವಾಗುತ್ತಿರಲಿಲ್ಲ.

ಚಂದನ ಆಗಿನ್ನೂ ಹೊಸಬಳು. ಪಕ್ಕದ ಮೇಜಿನಲ್ಲಿ ಕೂತು, ಬಾಯಿ ಬಿಡದೆ, ಮೃದುಲಾಳ ಕೋಡನ್ನೇ ಓದುತ್ತಿದ್ದಳು. ಓದಲಿ, ಕಲಿಯಲಿ ಎಂದು ಮೃದುಲಾನೇ ಕೊಟ್ಟಿದ್ದಳು. ಆಗ ಅವಳಿಗೆ ಆ ಹುಡುಗಿಯನ್ನು ಕಂಡರೆ ಮುದ್ದು.

ಆ ಮುದ್ದು ಸತ್ಯನಾರಾಯಣ ಪೂಜೆಯ ದಿನ ಮುಗಿಯಿತು.

ರಾಧಮ್ಮ ಸೆಂಟರಿನವರನ್ನೂ ಊಟಕ್ಕೆ ಕರೆದಿದ್ದರು. ಪಂಕ್ತಿಯ ಕೊನೆಯ ಎಲೆ ಚಂದನಳದು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟು ಬಂದವಳು, ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ಹಸಿದು ಕಂಗಾಲಾಗಿದ್ದಳು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂದವು. ಚಿತ್ರಾನ್ನ ಬಂದದ್ದೇ ತಡ, ಚಂದನ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಪಂಕ್ತಿಯಲ್ಲಿ ಇನ್ನೊಬ್ಬರೂ ಎಲೆ ಮುಟ್ಟಿರಲಿಲ್ಲ. ಎಲ್ಲರೂ ಅವಳ ಕಡೆಗೇ ತಿರುಗಿದರು.

"ಇರಮ್ಮಾ, ಇನ್ನೂ ಅನ್ನ, ತೊವ್ವೆ ಬಡಿಸ್ಬೇಕು, ತುಪ್ಪ ಬೀಳ್ಬೇಕು," ಎಂದರು ರಾಧಮ್ಮ. ಬೈಗುಳವೇನಲ್ಲ. ಆದರೂ ಚಂದನಳ ಕಿವಿಯವರೆಗೆ ಕೆಂಪಾಯಿತು.

ಮೃದುಲಾಗೆ ಒಳಗೊಳಗೇ ನಗು ಬಂತು. ಅವಳೇನು ಕೆಟ್ಟವಳಲ್ಲ. ಆದರೆ ಹಿಂದಿನ ವಾರ ವಂಶಿ ಆ ಹುಡುಗಿಯ ಬಗ್ಗೆ "ಚುರುಕು ಕಣೇ" ಎಂದು ಎರಡು ಸಲ ಹೇಳಿದ್ದ. ಚುರುಕಿನವಳು ಊಟದ ಎಲೆಯ ಮುಂದೆ ಎಡವಿದ್ದು ನೋಡಿ ಒಂದು ಚೂರು ಹಿತವಾಯಿತು.

ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಲ್ಲಿದ್ದ ತುತ್ತನ್ನು ನುಂಗಿಕೊಂಡು ಆ ಹುಡುಗಿ, "ನಮ್ಮನೇಲಿ ಮುದ್ದೆ ಇಟ್ಟು ಸಾರು ಬಿಟ್ರೆ ಶುರುನೇ ಅಮ್ಮಾ. ಮಿಕ್ಕಿದ್ದು ಕೇಳ್ದಾಗ ಬರುತ್ತೆ. ಇಲ್ಲಿ ನಮ್ಮ ಮಂಡಿ ಪೇಜ್ ಥರಾನೇ, ಎಲ್ಲಾ ಬಂದ್ಮೇಲೇನೇ..." ಎಂದಳು. ಎಂದವಳು ಅಲ್ಲೇ ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು.

ವಂಶಿ ಎಲೆಯ ಮುಂದಿನಿಂದ ತಲೆ ಎತ್ತಿದ. "ಚಂದನ, ಇನ್ನೊಂದ್ಸಲ ಹೇಳು."

"ಸರ್, ಪೇಜ್ ಬಂದ ತಕ್ಷಣ ಎಲ್ಲಾರ್ಗೂ ಎಲ್ಲಾನೂ ಬೇಡ. ಬಾದಾಮಿ ನೋಡೋನಿಗೆ ತೋತಾಪುರಿ ಯಾಕೆ? ಲಾರಿ ಬೇಡ್ದಿದ್ದೋನಿಗೆ ಲಾರಿ ಯಾಕೆ? ಫೈಲ್‌ನ ತುಂಡು ತುಂಡು ಮಾಡೋಣ. ಮೊದಲು ಹಣ್ಣಿನ ಹೆಸರು ಮಾತ್ರ ಹೋಗ್ಲಿ. ಯಾವ್ದು ಒತ್ತುತಾರೋ ಆ ತುಂಡನ್ನ ಬ್ರೌಸರೇ ಆಗ ತರಿಸ್ಕೊಳ್ಳುತ್ತೆ."

ವಂಶಿ ಎಡಗೈಯಲ್ಲಿ ಕನ್ನಡಕ ತೆಗೆದ. ಶಲ್ಯದ ತುದಿಗೆ ಒರೆಸಿದ. ಹಾಕಿಕೊಂಡ. "ಲೇ, ಇದು ಹೆಂಗೆ ಹೊಳೀತು ನಿಂಗೆ?" ಎಂದ.

ತುಪ್ಪದ ಮಿಳ್ಳಿ ಹಿಡಿದು ಬಂದಿದ್ದ ಮೃದುಲಾ ಇದನ್ನು ಕಣ್ಣಾರೆ ಕಂಡಳು, ಕಿವಿಯಾರೆ ಕೇಳಿದಳು. ಅವಳು ಗಂಡನ ಎಲೆಗೆ ಹಾಕಿದ ತುಪ್ಪದಲ್ಲಿ ಅರ್ಧ ನೆಲಕ್ಕೆ ಬಿತ್ತು.

ಮಾರನೆಯ ದಿನದಿಂದ ಕೆಲಸ ಶುರುವಾಯಿತು. ವಂಶಿಯ ಕುರ್ಚಿ ಚಂದನಳ ಮೇಜಿನ ಪಕ್ಕಕ್ಕೆ ಸರಿಯಿತು. ಸರಿದ ಕುರ್ಚಿ ಮತ್ತೆ ವಾಪಸು ಬರಲಿಲ್ಲ. ಮೃದುಲಾ ಎಷ್ಟೋ ದಿನ ಕೂತು, ಒಂದಕ್ಕೊಂದು ಹೆಣೆದು ಬರೆದದ್ದನ್ನು ಇಬ್ಬರೂ ಬಿಡಿಸಿ ಬಿಡಿಸಿ ಬೇರೆ ಇಟ್ಟರು. ರೇಟು ಒಂದು ತುಂಡು, ಲಾರಿ ಒಂದು ತುಂಡು, ಮಳೆ ಒಂದು ತುಂಡು. ತನ್ನ ಮಗುವಿನ ಕೂದಲನ್ನು ಬೇರೆ ಹೆಂಗಸೊಬ್ಬಳು ಸಿಕ್ಕು ಬಿಡಿಸುವುದನ್ನು ನೋಡುತ್ತಾ ಕೂತ ಹಾಗಿತ್ತು ಅವಳಿಗೆ. ಬಿಡಿಸುವ ಕೈ ಮೃದುವಾಗಿಯೇ ಇತ್ತು. ಅದೇ ಅವಳಿಗೆ ಇನ್ನೂ ಉರಿ.

ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಎನ್ನುತ್ತಾರೆ. ಮೃದುಲಾಗೆ ಚಂದನಳ ಡಬ್ಬಿಯ ಬಸ್ಸಾರಿನ ವಾಸನೆ ತಲೆನೋವಾಯಿತು. ಅವಳು ಕೀಬೋರ್ಡ್ ಕುಟ್ಟುವ ಸದ್ದು ಜೋರಾಯಿತು. ಅವಳು "ಅಕ್ಕ" ಎಂದು ಕರೆದರೆ ಅದೇನು ಸಲಿಗೆ ಎನಿಸಿತು, ಒಂದು ದಿನ "ಮೇಡಂ" ಎಂದರೆ ಅದೇನು ದೂರ ಎನಿಸಿತು. ವಂಶಿ ಹೆಂಡತಿಯನ್ನು ಕರೆದು ತೋರಿಸಲು ಬಂದ.

"ಮೃದು, ಬಾ ನೋಡು ಇಲ್ಲಿ. ಶ್ರೀನಿವಾಸಪುರದಲ್ಲಿ ಹಾಕಿ ನೋಡಿದ್ವಿ, ಕಣ್ಣು ಮಿಟುಕಿಸೋಷ್ಟ್ರಲ್ಲಿ ಬರುತ್ತೆ ಕಣೇ!"

"ನಾನ್ಯಾಕೆ ನೋಡ್ಲಿ? ನೋಡೋರು ಇದ್ದಾರಲ್ಲ ನಿಮ್ಗೆ," ಎಂದು ಅವಳು ಅಡುಗೆಮನೆಗೆ ಹೋದಳು. ಹೋಗಿ ಸುಮ್ಮನೆ ಒಂದು ತೊಳೆದ ಪಾತ್ರೆಯನ್ನು ಮತ್ತೆ ತೊಳೆದಳು.

ಪೇಜನ್ನು ನೋಡಲಿಲ್ಲ, ನಿಜ. ಆದರೆ ಇಬ್ಬರೂ ಇಲ್ಲದ ಒಂದು ಮಧ್ಯಾಹ್ನ ಕೋಡಿನ ಫೈಲುಗಳನ್ನು ಮಾತ್ರ ಇಣುಕಿ ನೋಡಿದಳು. ಅವಳ ಕಮಲ ಕಾಣಲಿಲ್ಲ. ಹುಡುಕಿದಳು. ಕಟ್ಟಕಡೆಯ ತುಂಡಿನಲ್ಲಿ ಅದು ಇತ್ತು. "ನಮ್ಮ ಬಗ್ಗೆ" ಎನ್ನುವುದನ್ನು ಯಾರಾದರೂ ಒತ್ತಿದರೆ ಮಾತ್ರ ಬರುವ ತುಂಡು. ಮಾವಿನ ರೇಟು ನೋಡಲು ಬಂದವನು ಅದನ್ನು ಒತ್ತುತ್ತಾನೆಯೇ? ಹಬ್ಬದ ಊಟದಲ್ಲಿ ಯಾರೂ ಕೇಳದ ಹಾಗಲಕಾಯಿ ಗೊಜ್ಜಿನ ಹಾಗೆ ತನ್ನ ಹೆಸರು ಒಳಗೇ ಉಳಿಯುತ್ತದೆ. ಪೇಜು ಹಗುರಾದದ್ದು ತನ್ನನ್ನು ಕೆಳಗಿಳಿಸಿದ್ದರಿಂದಲೇ ಎಂದು ಅವಳಿಗೆ ಅನಿಸಿತು. ಅವಳು ಅಲ್ಲೇ ಕೂತು ಅತ್ತಳು. ಇನ್ನಷ್ಟು ಹುಡುಕಿದ್ದರೆ ಒಳ್ಳೆಯದಿತ್ತು, ಆದರೆ ಅಳು ಬಂದವರು ಹುಡುಕುವುದಿಲ್ಲ.

ಮೇ ತಿಂಗಳು ಬಂತು. ಶ್ರೀನಿವಾಸಪುರದ ಮಂಡಿಗಳಲ್ಲಿ ಹೊಸ ಪೇಜು ನೋಡಿದವರೆಲ್ಲ ಭೇಷ್ ಎಂದರು. ವೆಂಕಟರಾಯಪ್ಪ ಮತ್ತೆ ಫೋನ್ ಮಾಡಿದ. ಈ ಸಲ ದನಿಯಲ್ಲಿ ಬೆಲ್ಲ.

"ವಂಶಿ, ಗೌನಿಪಲ್ಲೀಗೆ ಹೋಗಿ ರೈತ್ರಿಗೆ ತೋರ್ಸಪ್ಪಾ. ವೆಂಕಟರತ್ನಮ್ಮನ ಫೋನ್ ಬೂತ್ ಐತಲ್ಲ, ಅಲ್ಲೇ ಎಲ್ಲಾರೂ ರೇಟ್ ನೋಡೋದು. ಅಲ್ಲಿ ಓಡಿದ್ರೆ ಪೇಜು ನಿಮ್ದೇ. ಕೋಲಾರದೋರ್ನ ಬರಬ್ಯಾಡಿ ಅಂತೀನಿ."

ಫೋನಿನಲ್ಲಿ ವಂಶಿ ಗೌನಿಪಲ್ಲಿ ಎಂದದ್ದು ಕಿವಿಗೆ ಬಿದ್ದ ಕೂಡಲೇ ಮೃದುಲಾ ಕೆಲಸ ನಿಲ್ಲಿಸಿದಳು. ಹೋದ ವರ್ಷ ಆ ಬೂತಿಗೆ ಕಂಪ್ಯೂಟರ್ ಕೂರಿಸಿ ಬಂದವಳು ಅವಳೇ. ವಂಶಿಗೆ ಆಗ ಜ್ವರ. ವೆಂಕಟರತ್ನಮ್ಮ ಹೆಸರೂ ಕೇಳದೆ ಅವಳನ್ನು ವಂಶಿ ಹೆಂಡ್ತಿ ಎಂದೇ ಕರೆದಿದ್ದಳು. ಒಂದಿಡೀ ದಿನ ಅಲ್ಲಿ ಕೂತಿದ್ದ ಅವಳಿಗೆ ವೆಂಕಟರತ್ನಮ್ಮನ ಪದ್ಧತಿ ಗೊತ್ತಿತ್ತು. ಆಕೆಗೆ ಇದ್ದದ್ದು ಒಂದೇ ಲೈನು. ನೆಟ್ ಹಾಕಿದರೆ ಫೋನ್ ಬರುವುದಿಲ್ಲ. ಫೋನ್ ಬರದಿದ್ದರೆ ಸುತ್ತಲಿನ ಹಳ್ಳಿಯವರ ಬೈಗುಳ ತಪ್ಪುವುದಿಲ್ಲ. ಅದಕ್ಕೆ ಆಕೆ ಬೆಳಿಗ್ಗೆ ಒಂದು ಸಲ ಮೋಡೆಮ್ಮಿಗೆ ತಂತಿ ಸಿಕ್ಕಿಸಿ ಪೇಜು ತರಿಸಿಕೊಳ್ಳುತ್ತಿದ್ದಳು. ಪೂರ್ತಿ ಬಂತು ಎಂದ ಕೂಡಲೇ ತಂತಿಯನ್ನು ಕಿತ್ತು ಫೋನಿಗೆ ಸಿಕ್ಕಿಸಿಬಿಡುತ್ತಿದ್ದಳು. ಆಮೇಲೆ ದಿನವೆಲ್ಲ ಬಂದವರಿಗೆಲ್ಲ ಪರದೆಯ ಮೇಲಿದ್ದದ್ದನ್ನೇ ಒತ್ತಿ ಒತ್ತಿ ತೋರಿಸುತ್ತಿದ್ದಳು. ಮೃದುಲಾಳ ಹಳೆಯ ಪೇಜಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಎಲೆ ತುಂಬಾ ಬಡಿಸಿ ಆಗಿದೆಯಲ್ಲ, ಇನ್ನು ಅಡುಗೆಮನೆಯ ಬಾಗಿಲು ಹಾಕಿದರೇನು?

ಚಂದನಳ ಪೇಜಿಗೆ ಮಾತ್ರ ಅಡುಗೆಮನೆಯ ಬಾಗಿಲು ತೆರೆದೇ ಇರಬೇಕು. ತಂತಿ ಕಿತ್ತ ಮೇಲೆ ಬಾದಾಮಿ ಒತ್ತಿದರೆ ಬಾದಾಮಿಯ ತುಂಡು ಎಲ್ಲಿಂದ ಬರಬೇಕು?

ಮೃದುಲಾ ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು. ಅಷ್ಟರಲ್ಲಿ ಒಳಗಿನಿಂದ ವಂಶಿ ನಗುತ್ತಾ, "ಚಂದನ, ಗೌನಿಪಲ್ಲೀಲಿ ನಿಂಗೆ ಹಾರ ಹಾಕ್ತಾರೆ ನೋಡು!" ಎಂದ. ತೆರೆದ ಬಾಯಿ ಮುಚ್ಚಿಕೊಂಡಿತು.

ಹೊರಡುವ ಮುಂಚೆ ಚಂದನ ತಾನಾಗಿಯೇ ಬಂದು ಕೇಳಿದಳು. "ಅಕ್ಕ, ಗೌನಿಪಲ್ಲಿಗೆ ನೀವು ಹೋಗಿದ್ರಂತಲ್ಲ. ಅಲ್ಲಿ ಏನಾದ್ರೂ ಬೇರೆ ಥರ ಇದ್ಯಾ? ನಾನು ನೋಡಿಲ್ಲ, ಭಯ ಆಗುತ್ತೆ."

"ಏನಿರುತ್ತೆ ಬೇರೆ? ಅದೇ ಮೋಡೆಮ್ಮು, ಅದೇ ಫೋನು," ಎಂದಳು ಮೃದುಲಾ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೇಕಾದರೆ ದೇವರ ಮುಂದೆ ಗಂಟೆ ಹೊಡೆದು ಹೇಳಬಹುದಿತ್ತು. ಆದರೂ ಆ ಹುಡುಗಿ "ಸರಿ ಅಕ್ಕ" ಎಂದು ನಿರಾಳವಾಗಿ ನಕ್ಕಾಗ ಮೃದುಲಾ ಅವಳ ಮುಖ ನೋಡಲಿಲ್ಲ.

ನಾನು ಬರುವುದಿಲ್ಲ ಎಂದು ಮೊದಲು ಹೇಳಿದವಳು ಕೊನೆಯ ಗಳಿಗೆಯಲ್ಲಿ ಸೀರೆ ಬದಲಾಯಿಸಿ ಹೊರಟೇಬಿಟ್ಟಳು. ತಮಾಷೆ ನೋಡುವುದನ್ನು ಯಾರು ಬಿಡುತ್ತಾರೆ? ಬಸ್ಸಿನಲ್ಲಿ ವಂಶಿ, ಚಂದನ ಮುಂದಿನ ಸೀಟಿನಲ್ಲಿ, ಅವಳು ಕಿಟಕಿ ಪಕ್ಕ ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಮಾವಿನ ತೋಪು. ಕೊಂಬೆಗಳೆಲ್ಲ ಕಾಯಿಯ ಭಾರಕ್ಕೆ ಬಾಗಿದ್ದವು. ಅವಳಿಗೆ ಅದ್ಯಾವುದೂ ಕಾಣಲಿಲ್ಲ.

ಬೂತಿನ ಮುಂದೆ ಆಗಲೇ ಜನ ಸೇರಿದ್ದರು. ವೆಂಕಟರಾಯಪ್ಪ ಬಿಳೀ ಪಂಚೆಯುಟ್ಟು ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಮುನಿರಾಮಪ್ಪ ಎಂಬ ತೋಟದ ರೈತ, ಒಂದು ಕಾಲದಲ್ಲಿ ಬಿಳೀ ಪರದೆ ನೋಡಿ ನೋಡಿ ಹೆಚ್ಚು ಬೈದವನು ಅವನೇ. ವೆಂಕಟರತ್ನಮ್ಮ ಕಂಪ್ಯೂಟರಿನ ಮೇಲಿದ್ದ ಹೂವಿನ ಬಟ್ಟೆ ತೆಗೆದು, ಕುಂಕುಮ ಇಟ್ಟು, ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿದಳು. ಮೃದುಲಾ ಬಾಗಿಲ ಬಳಿಯೇ ನಿಂತಳು. ಅಲ್ಲಿಂದ ಪರದೆ ಕಾಣದು, ಮುಖಗಳು ಕಾಣುತ್ತವೆ. ಅವಳಿಗೆ ಬೇಕಾದದ್ದೂ ಮುಖಗಳೇ.

"ಅರೆರೆ! ಅಪ್ಪುಡೇ ವಚ್ಚೇಸಿಂದಿ! ಆಗ್ಲೇ ಬಂದ್ಬಿಡ್ತಲ್ಲಾ!" ಎಂದಳು ವೆಂಕಟರತ್ನಮ್ಮ.

ಜನ ಹೋ ಎಂದರು. ಮುನಿರಾಮಪ್ಪ ಕೈ ತಟ್ಟಿದ. ವಂಶಿ ಚಂದನಳ ಕಡೆಗೆ ನೋಡಿ ಹುಬ್ಬೇರಿಸಿದ. ಇರಲಿ, ಇನ್ನೊಂದು ಗಳಿಗೆ, ಎಂದುಕೊಂಡಳು ಮೃದುಲಾ.

ವೆಂಕಟರತ್ನಮ್ಮ ರೂಢಿಯಂತೆ ಕೈ ಚಾಚಿದಳು. ಮೋಡೆಮ್ಮಿನಿಂದ ತಂತಿ ಕಿತ್ತಳು. ಫೋನಿಗೆ ಸಿಕ್ಕಿಸಿದಳು. ಚಂದನ "ಅಮ್ಮಾ, ಅದು..." ಎನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಬಾದಾಮಿ ಹಾಕಮ್ಮಾ," ಎಂದ ಮುನಿರಾಮಪ್ಪ.

ಆಕೆ ಒತ್ತಿದಳು. ಏನೂ ಬರಲಿಲ್ಲ. ತೋತಾಪುರಿ ಒತ್ತಿದಳು, ಬರಲಿಲ್ಲ. ಸೇಂದೂರ ಒತ್ತಿದಳು. ಲಾರಿ ಒತ್ತಿದಳು. "ಏಮೀ ರಾಲೇದು. ಏನೂ ಇಲ್ಲ ಇದ್ರಾಗೆ! ಹೆಸ್ರು ಐತೆ, ರೇಟಿಲ್ಲ."

"ಒಳಗೇನೂ ಇಲ್ದೆ ಇದ್ರೆ ಬೇಗ ಬರ್ದೆ ಇನ್ನೇನಾಗ್ತದೆ!" ಎಂದ ಮುನಿರಾಮಪ್ಪ. ಕೈ ತಟ್ಟಿದವರೇ ಈಗ ನಕ್ಕರು. ವೆಂಕಟರಾಯಪ್ಪ ನಗಲಿಲ್ಲ.

ಚಂದನಳ ಮುಖ ಸತ್ಯನಾರಾಯಣ ಪೂಜೆಯ ದಿನದ ಹಾಗೆಯೇ ಕೆಂಪಾಯಿತು. ಅವಳ ಕಣ್ಣು ಆ ತಂತಿಯ ಮೇಲೆ, ವಂಶಿಯ ಕಣ್ಣೂ ಆ ತಂತಿಯ ಮೇಲೆ. ಮೃದುಲಾ ಕಾದಿದ್ದ ಗಳಿಗೆ ಬಂದಿತ್ತು. ಹಿತವಾಯಿತೇ? ಆಯಿತು. ಒಂದು ತುತ್ತಿನಷ್ಟು.

ವೆಂಕಟರತ್ನಮ್ಮ ಸೋಲಲಿಲ್ಲ. ಎಲ್ಲಾದರೂ ರೇಟು ಅಡಗಿದೆಯೇನೋ ಎಂದು ಪೇಜನ್ನು ಮೇಲೆ ಕೆಳಗೆ ಎಳೆದಳು. ತಳ ಮುಟ್ಟಿದ ಮೇಲೆ ಕನ್ನಡಕ ಸರಿಮಾಡಿಕೊಂಡು, ಇಡೀ ಬೂತಿಗೆ ಕೇಳುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ರೂಪಿಸಿದವರು... ಮೃದುಲಾ. ಎವರಮ್ಮಾ ಈ ಮೃದುಲಾ? ಯಾರು? ಈ ಖಾಲಿ ಪೇಜು ಮಾಡ್ದೋಳು?"

ಮೃದುಲಾ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು. ಪರದೆ ಈಗ ಕಂಡಿತು. ಮೇಲೆ ಹಣ್ಣುಗಳ ಹೆಸರು. ಕೆಳಗೆ, ಕಮಲವಿಲ್ಲ, ದಳವಿಲ್ಲ, ಸಾದಾ ಕಪ್ಪು ಅಕ್ಷರದಲ್ಲಿ ಅವಳ ಹೆಸರು. ಅದೊಂದೇ. ಚಂದನಳ ಹೆಸರು ಎಲ್ಲೂ ಇರಲಿಲ್ಲ.

"ಕಮಲ ಭಾರ ಇತ್ತಕ್ಕ, ಹಿಂದಕ್ಕೆ ಹಾಕ್ದೆ," ಎಂದಳು ಚಂದನ ಸಣ್ಣ ದನಿಯಲ್ಲಿ. ಇಂಥ ಹೊತ್ತಿನಲ್ಲೂ ಅವಳಿಗೆ ಅದನ್ನೇ ಹೇಳಬೇಕೆನಿಸಿತ್ತು. "ಹೆಸರು ಮಾತ್ರ ಮೊದಲ್ನೇ ತುಂಡಲ್ಲೇ ಇಟ್ಟೆ. ಏನ್ ಬಂದ್ರೂ ಬರ್ದಿದ್ರೂ ಅದು ಬರ್ಲಿ ಅಂತ."

ಅಷ್ಟು ಹೇಳಿ ಆ ಹುಡುಗಿ ಜನರ ಕಡೆಗೆ ತಿರುಗಿದಳು. ಗಟ್ಟಿಯಾಗಿಯೇ ಹೇಳಿದಳು. "ಅಮ್ಮಾ, ಅದು ಅಕ್ಕ ಮಾಡಿದ್ದಲ್ಲ. ಅಕ್ಕ ಮಾಡಿದ ಪೇಜು ತಡವಾದ್ರೂ ನಿಮ್ಗೆ ಸರಿಯಾಗೇ ಬರ್ತಿತ್ತು. ಹಾಳು ಮಾಡಿದ್ದು ನಾನು. ತಪ್ಪು ನಂದು."

ಮುನಿರಾಮಪ್ಪನ ನಗು ನಿಂತಿತು. "ಇರ್ಲಿ ಬಿಡಮ್ಮಾ, ಚಿಕ್ಕ್ ಹುಡ್ಗಿ," ಎಂದಿತು ಯಾರದೋ ದನಿ. ವೆಂಕಟರಾಯಪ್ಪನೂ ತಲೆಯಾಡಿಸಿದ. ನೋಡುನೋಡುತ್ತಿದ್ದ ಹಾಗೇ ಇಡೀ ಬೂತು ಆ ಹುಡುಗಿಯ ಪಾಲಾಯಿತು.

ಮೃದುಲಾಗೆ ಉರಿದುಹೋಯಿತು. ಈ ಹುಡುಗಿ ಪೇಜು ಕಿತ್ತುಕೊಂಡಳು. ಕುರ್ಚಿ ಕಿತ್ತುಕೊಂಡಳು. ಗಂಡನ ಬಾಯಿಂದ ತನಗೆಂದೇ ಇದ್ದ ಮಾತು ಕಿತ್ತುಕೊಂಡಳು. ಈಗ ತಪ್ಪನ್ನೂ ಕಿತ್ತುಕೊಂಡು ಹೊರಟಳಲ್ಲ! ಇದೊಂದಾದರೂ ತನ್ನದು. ಇದನ್ನು ಮಾತ್ರ ಇವಳಿಗೆ ಬಿಟ್ಟುಕೊಡುವುದಿಲ್ಲ.

"ಸುಮ್ನಿರೇ ಚಂದನ!" ಎಂದು ಅವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಮೃದುಲಾ ಅಂದ್ರೆ ನಾನೇ. ಹೆಸರು ನಂದು, ತಪ್ಪೂ ನಂದೇ. ಈಯಮ್ಮ ತಂತಿ ಕೀಳ್ತಾರೆ ಅಂತ ನಂಗೊಬ್ಳಿಗೇ ಗೊತ್ತಿದ್ದಿದ್ದು. ಇವ್ಳು ಬಂದು ಕೇಳಿದ್ಲು. ನಾನೇ ಹೇಳ್ಲಿಲ್ಲ."

ಬಿಡುವಾದ ಲೈನಿಗೆ ಆಗಲೇ ಫೋನು ಬಂದು ರಿಂಗಾಗುತ್ತಿತ್ತು, ವೆಂಕಟರತ್ನಮ್ಮ ಎತ್ತಲಿಲ್ಲ. ಚಂದನ ಮೃದುಲಾಳನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡದ್ದು ಈಗ.

ವಂಶಿ ಕನ್ನಡಕ ತೆಗೆದ. ಅಂಗಿಯ ಅಂಚಿಗೆ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, ಹೆಂಡತಿಯನ್ನು ನೋಡಿದ.

"ಲೇ," ಎಂದ. "ಇದು ಹೆಂಗೆ ಹೊಳೀತು ನಿಂಗೆ?"

ಎಷ್ಟು ದಿನದಿಂದ ಅವಳು ಈ ಮಾತಿಗೆ ಕಾದಿದ್ದಳು. ಈಗ ಅವನ ಮುಖ ನೋಡಲಾಗದೆ, ಫೋನಿನ ತಂತಿಯನ್ನೇ ನೋಡುತ್ತಾ ನಿಂತಳು.